ಕಚೇರಿಯ ಹಳೆಯ ತಂತ್ರಾಂಶವನ್ನು ತೆಗೆದುಹಾಕುವ ಅವಶ್ಯಕತೆ

(ಬರೆದವರು: ಒಬ್ಬ ಒಕ್ಕಲುತನ ಇನ್‌ಸ್ಪೆಕ್ಟರರು, ಎಲ್. ಎಜಿ.)

ತಂಬಾಕಿನ ಎಲೆ ಕೊಯ್ದಾದ ಮೇಲೆ ಬುಡಗಳನ್ನು ಹೊಲದಲ್ಲಿಯೇ ಬಿಟ್ಟರೆ ಅವು ಮತ್ತೆ ಚಿಗಿತು ಸಸ್ಯಹೇನಿಗೂ ರೋಗಕ್ಕೂ ಮನೆಯಾಗುವವೆಂಬುದನ್ನು ನಿಪ್ಪಾಣಿ ಭಾಗದ ಒಕ್ಕಲಿಗರಿಗೆ ಹೊಸದಾಗಿ ಹೇಳಬೇಕಾದುದಿಲ್ಲ. ಬೆಳೆಯು ಮನೆಗೆ ಬಂದ ಮಾತ್ರಕ್ಕೆ ಹೊಲದ ಕೆಲಸವು ತೀರುವದಿಲ್ಲ. ಬುಡ ಕಿತ್ತಾಗಲೇ ತೀರುವದು. ನಮ್ಮ ಕಚೇರಿಗಳ ಮತ್ತು ಸಹಕಾರಿ ಸಂಘಗಳ ಗಣಕಯಂತ್ರಗಳಿಗೂ ಇದೇ ನಿಯಮವು ಅನ್ವಯಿಸುವದು. ಹೊಸ ಡೇಟಾಬೇಸ್ ತಂತ್ರಾಂಶವನ್ನು ತಂದು ಕೂಡ್ರಿಸಿದ ಬಳಿಕ ಹಳೆಯದನ್ನು ಅದೇ ಯಂತ್ರದಲ್ಲಿ ಹಾಗೆಯೇ ಬಿಡುವ ರೂಢಿಯು ಒಕ್ಕಲಿಗರ ಹಿತಕ್ಕೆ ಬಾಧಕವಾದುದೆಂದು ತೋರಿಸುವದೇ ಈ ಲೇಖನದ ಉದ್ದೇಶವು.

ಮೊದಲು ಕುಲಕರ್ಣಿಯ, ಅನಂತರ ತಲಾಠಿಯ ದಫ್ತರದಲ್ಲಿದ್ದ ಸಂಗತಿಗಳು ಇಂದು ಸರ್ವರ್ ಎಂಬ ಯಂತ್ರದಲ್ಲಿರುವವು. ಅವನ್ನು ಓರಣವಾಗಿ ಇಟ್ಟು, ಕೇಳಿದೊಡನೆ ಹುಡುಕಿ ಕೊಡುವ ತಂತ್ರಾಂಶಕ್ಕೆ ಡೇಟಾಬೇಸ್ ತಂತ್ರಾಂಶವೆಂದು ಹೆಸರು. ಉತಾರ, ಬೆಳೆಸಾಲ, ಬೆಳೆವಿಮೆ, ಫ್ರೂಟ್ಸ್ ನೋಂದಣಿ, ಬೀಜದ ಸಹಾಯಧನ ಇವೆಲ್ಲವೂ ಇಂಥ ತಂತ್ರಾಂಶವನ್ನೇ ಅವಲಂಬಿಸಿವೆ. ಆದುದರಿಂದ ಇದು ಕೇವಲ ಯಂತ್ರ ಬಲ್ಲವರ ಮಾತೆಂದು ಒಕ್ಕಲಿಗರು ಕಡೆಗಣಿಸಲಾಗದು.

ಒಂದೇ ಸಂಗತಿಗೆ ಎರಡು ಪುಸ್ತಕಗಳಿರಬಾರದೆಂಬುದನ್ನು ನಮ್ಮ ರಾಜ್ಯವು ಈಗಾಗಲೇ ಒಮ್ಮೆ ಕಲಿತಿದೆ. ಭೂಮಿ ಯೋಜನೆಯಲ್ಲಿ ಸುಮಾರು ೬೭ ಲಕ್ಷ ಹಿಡುವಳಿದಾರರ ೨ ಕೋಟಿ ಪಹಣಿಗಳು ಗಣಕಯಂತ್ರಕ್ಕೆ ಏರಿದವು. ೨೦೦೨ರ ಹೊತ್ತಿಗೆ ಆಗಿನ ೧೭೭ ತಾಲೂಕುಗಳಲ್ಲಿ ೧೫ ರೂಪಾಯಿಗೆ ಅಚ್ಚಾದ ಉತಾರವು ದೊರೆಯಹತ್ತಿತು. ಆದರೆ ಆ ಯೋಜನೆಯ ಬಲವು ಯಂತ್ರದಲ್ಲಿ ಮಾತ್ರ ಇರಲಿಲ್ಲ. ಗಣಕದ ಪಹಣಿಯು ಸಿದ್ಧವಾದ ತಾಲೂಕಿನಲ್ಲಿ ಕೈಬರಹದ ಪಹಣಿಗೆ ಇನ್ನು ಮೇಲೆ ಕಾಯ್ದೆಯ ಬೆಲೆಯಿಲ್ಲವೆಂದು ಸರಕಾರವು ಪ್ರಕಟಿಸಿತು. ಎರಡೂ ನಡೆಯಲೆಂದು ಬಿಟ್ಟಿದ್ದರೆ ಒಂದೇ ಹೊಲಕ್ಕೆ ಇಬ್ಬರು ಒಡೆಯರು ಹುಟ್ಟುತ್ತಿದ್ದರು. ಕಾಗದದ ವಿಷಯದಲ್ಲಿ ತೋರಿದ ಈ ದೃಢತೆಯನ್ನು ತಂತ್ರಾಂಶದ ವಿಷಯದಲ್ಲಿಯೂ ತೋರಬೇಕು.

ನಮ್ಮ ಭಾಗಕ್ಕೆ ಇದು ಇನ್ನೂ ಹೆಚ್ಚು ಅವಶ್ಯವು. ೨೦೧೮ರಲ್ಲಿ ಚಿಕ್ಕೋಡಿಯಿಂದ ನಿಪ್ಪಾಣಿಯೂ ಅಥಣಿಯಿಂದ ಕಾಗವಾಡವೂ ಬೇರೆ ತಾಲೂಕುಗಳಾದವು. ಅದಕ್ಕೂ ಹಿಂದಿನ ತಂತ್ರಾಂಶವು ಯಾವುದೊಂದು ಸಂಘದ ಯಂತ್ರದಲ್ಲಿ ಇನ್ನೂ ಜೀವದಿಂದಿದ್ದರೆ ಅದರಲ್ಲಿ ಕಾಗವಾಡದ ಹಳ್ಳಿಯು ಅಥಣಿಯ ಕೆಳಗೇ ಇರುವದು. ತಿಳಿಯದ ಕಾರಕೂನನು ಅದನ್ನೇ ತೆರೆದು ಒಬ್ಬ ಒಕ್ಕಲಿಗನ ಸಾಲದ ಕಂತು ತುಂಬಿಕೊಂಡನೆಂದು ತಿಳಿಯಿರಿ. ಹಣವು ಸಂದಿದೆ, ಪಾವತಿಯೂ ಇದೆ. ಆದರೆ ಹೊಸ ಪುಸ್ತಕದಲ್ಲಿ ಆತನು ಬಾಕೀದಾರನೇ. ಮುಂದಿನ ಹಂಗಾಮಿಗೆ ಸಾಲವಿಲ್ಲ. ತಪ್ಪು ಆತನದಲ್ಲ, ಆದರೆ ಅಲೆದಾಟವು ಆತನದೇ.

ಎರಡನೆಯ ಕೇಡು ಕಳ್ಳದಾರಿಯದು. ೨೦೦೩ನೇ ಜನವರಿ ೨೫ರಂದು ಸ್ಲ್ಯಾಮರ್ ಎಂಬ ಗಣಕಹುಳವು ಮೈಕ್ರೋಸಾಫ್ಟ್ ಕಂಪನಿಯ ಎಸ್‌ಕ್ಯೂಎಲ್ ಸರ್ವರ್ ೨೦೦೦ ಎಂಬ ಡೇಟಾಬೇಸ್ ತಂತ್ರಾಂಶದೊಳಗೆ ನುಗ್ಗಿ, ಕೆಲವೇ ನಿಮಿಷಗಳಲ್ಲಿ ಜಗತ್ತಿನ ಸುಮಾರು ೭೫,೦೦೦ ಯಂತ್ರಗಳನ್ನು ಹಿಡಿಯಿತು. ಆ ರಂಧ್ರವನ್ನು ಮುಚ್ಚುವ ತೇಪೆಯನ್ನು ಕಂಪನಿಯು ೨೦೦೨ರ ಜುಲೈದಲ್ಲಿಯೇ ಕೊಟ್ಟಿತ್ತು. ಆದರೂ ಹಾನಿಯಾದುದೇಕೆ? ಅದೇ ತಂತ್ರಾಂಶದ ಒಂದು ಕಿರಿಯ ರೂಪವು ಬೇರೆ ತಂತ್ರಾಂಶಗಳ ಜೊತೆಗೆ ಬಂದು ಎಷ್ಟೋ ಯಂತ್ರಗಳಲ್ಲಿ ಸದ್ದಿಲ್ಲದೆ ನಡೆದಿತ್ತು. ಇದೆಯೆಂದೇ ತಿಳಿಯದ ವಸ್ತುವಿಗೆ ತೇಪೆ ಹಾಕುವವರು ಯಾರು? ಮರೆತುಬಿಟ್ಟ ಹಳೆಯ ತಂತ್ರಾಂಶದ ಗತಿಯೂ ಇದೇ. ಅವಧಿ ತೀರಿದ ಮೇಲೆ ಅದಕ್ಕೆ ಸಾಮಾನ್ಯವಾಗಿ ತೇಪೆಗಳೂ ಬರುವದಿಲ್ಲ. ಇದೇ ಕಂಪನಿಯ ೨೦೧೪ರ ಆವೃತ್ತಿಯ ಆಸರೆಯು ೨೦೨೪ರ ಜುಲೈ ೯ಕ್ಕೆ ಮುಗಿಯಿತು; ೨೦೧೬ರ ಆವೃತ್ತಿಗೆ ೨೦೨೬ರ ಜುಲೈ ೧೪ನ್ನು ಕೊನೆಯ ದಿನವಾಗಿ ಗೊತ್ತುಪಡಿಸಲಾಯಿತು.

“ಇರಲಿ ಬಿಡಿ, ಹೆಚ್ಚುಕಡಿಮೆಯಾದರೆ ಹಳೆಯದು ಬೇಕಾದೀತು” ಎಂದು ಕೆಲವರು ಆಕ್ಷೇಪಿಸುವರು. ಈ ಮಾತಿನಲ್ಲಿ ಅರ್ಧ ಸತ್ಯವುಂಟು. ಮೊದಲಿನ ಕೆಲವು ದಿನಗಳ ಮಟ್ಟಿಗೆ ಹಳೆಯದು ಬೇಕು. ಆದರೆ ಹೊಸದರಲ್ಲಿ ಒಂದು ತಿಂಗಳ ನೋಂದಣಿಗಳಾದ ಮೇಲೆ ಹಳೆಯದಕ್ಕೆ ಮರಳುವದೆಂದರೆ ಆ ತಿಂಗಳನ್ನು ಕಳೆದುಕೊಳ್ಳುವದೇ ಸರಿ. ಹೊಸ ಆವೃತ್ತಿಯಲ್ಲಿ ತೆಗೆದ ಪ್ರತಿಯನ್ನು ಎಸ್‌ಕ್ಯೂಎಲ್ ಸರ್ವರಿನ ಹಳೆಯ ಆವೃತ್ತಿಯು ಸ್ವೀಕರಿಸುವದಿಲ್ಲವೆಂಬುದನ್ನೂ ನೆನಪಿಡಬೇಕು. ಅಲ್ಲದೆ ದಾಖಲೆ ಬೇರೆ, ತಂತ್ರಾಂಶ ಬೇರೆ. ಜೋಳವನ್ನು ಹೊಸ ಹಗೇವಿಗೆ ತುಂಬಿದ ಮೇಲೆ ನೀರಿಳಿಯುವ ಹಳೆಯ ಹಗೇವನ್ನು ಮುಚ್ಚುವವರು ಕಾಳನ್ನು ಚೆಲ್ಲಿದವರಾಗರು. ತಹಶೀಲದಾರ ಕಚೇರಿಗಳ ಹಳೆಯ ಕಾಗದಗಳನ್ನು ಸ್ಕ್ಯಾನ್ ಮಾಡಿ ಕಾಯ್ದಿಡುವ ಭೂ ಸುರಕ್ಷಾ ಕಾರ್ಯವು ನಮ್ಮ ರಾಜ್ಯದಲ್ಲಿ ನಡೆದಿರುವದು ಇದೇ ವಿವೇಕದಿಂದ. ದಾಖಲೆಯು ಉಳಿಯಲಿ, ತೂತುಬಿದ್ದ ಪಾತ್ರೆಯು ಹೋಗಲಿ.

ಆದರೆ ಅವಸರದಿಂದ ಕಿತ್ತರೆ ಹೊಸ ಬೆಳೆಯ ಬೇರೂ ಸಡಿಲಾದೀತು. ಆದುದರಿಂದ ಕೆಳಗಿನ ಕ್ರಮವನ್ನು ಅನುಸರಿಸುವದು ಲೇಸು.

೧. ಹಳೆಯ ತಂತ್ರಾಂಶವನ್ನು ಇನ್ನೂ ಯಾವ ಕೆಲಸವು ಬಳಸುತ್ತಿದೆಯೆಂದು ಹುಡುಕುವದು. ತೂಕದ ಯಂತ್ರದ ಲೆಕ್ಕ, ವರ್ಷಾಂತ್ಯದ ತಃಖ್ತೆ ಮುಂತಾದವು ಗುಟ್ಟಾಗಿ ಅದನ್ನೇ ನೆಚ್ಚಿರಬಹುದು.

೨. ಹಳೆಯದರ ಪೂರ್ಣ ಪ್ರತಿ ತೆಗೆದು, ಬೇರೊಂದು ಯಂತ್ರದಲ್ಲಿ ಅದನ್ನು ತೆರೆದು ನೋಡುವದು. ತೆರೆದು ನೋಡದ ಪ್ರತಿಯು ಮೊಳಕೆ ಪರೀಕ್ಷಿಸದ ಬೀಜದಂತೆ.

೩. ಖಾತೆಗಳ ಸಂಖ್ಯೆ, ಬಾಕಿಯ ಮೊತ್ತ ಇವು ಎರಡರಲ್ಲಿಯೂ ಒಂದೇ ಇರುವವೋ ಎಂದು ತಾಳೆ ನೋಡುವದು. ಪ್ರತಿ ಹಳ್ಳಿಯ ಕೆಲವು ಖಾತೆಗಳನ್ನು ಒಕ್ಕಲಿಗರ ಪಾವತಿ ಪುಸ್ತಕದೊಡನೆ ಹೋಲಿಸುವದು.

೪. ಕೂಡಲೇ ತೆಗೆಯದೆ, ಹಳೆಯದನ್ನು ಮೊದಲು ನಿಲ್ಲಿಸಿ ಜಾಲದಿಂದ ಬೇರ್ಪಡಿಸುವದು. ಒಂದು ಸಾಲದ ಹಂಗಾಮು ಮತ್ತು ಮಾರ್ಚ ಅಖೇರಿಯ ಲೆಕ್ಕವು ಹೊಸದರಲ್ಲಿಯೇ ದಾಟಲಿ.

೫. ಬಳಿಕ ತೆಗೆದುಹಾಕುವದು. ಇದ್ದಲ್ಲಿಯೇ ಮೇಲ್ದರ್ಜೆಗೇರಿಸಿದ ಯಂತ್ರದಲ್ಲಿ ಹಳೆಯ ಹೆಸರಿನ ಕೆಲವು ಭಾಗಗಳು ಉಳಿದಿರುವವು. ಅವುಗಳಲ್ಲಿ ಹೊಸದಕ್ಕೂ ಬೇಕಾದವು ಇರಬಹುದು. ಅವನ್ನು ಬಲ್ಲವರಿಂದಲೇ ತೆಗೆಸತಕ್ಕದ್ದು. ಹಳೆಯ ಗುಪ್ತಪದಗಳನ್ನೂ ತೆರೆದಿಟ್ಟ ಜಾಲದ ದಾರಿಗಳನ್ನೂ ಮುಚ್ಚುವದು.

೬. ಹಳೆಯ ಯಂತ್ರವನ್ನು ಮಾರುವದಾದರೆ ಡಿಸ್ಕಿನಲ್ಲಿಯ ಸಂಗತಿಗಳನ್ನು ಪೂರ್ಣ ಅಳಿಸತಕ್ಕದ್ದು. ತೆಗೆದ ದಿನ, ತೆಗೆದವರ ಸಹಿ, ಪ್ರತಿಯನ್ನಿಟ್ಟ ಸ್ಥಳ ಇವನ್ನು ದಫ್ತರದಲ್ಲಿ ಬರೆದಿಡುವದು.

ಜೂನ್-ಜುಲೈ ತಿಂಗಳುಗಳಲ್ಲಿ, ಬಿತ್ತಿಗೆಯ ಸಾಲಕ್ಕೂ ವಿಮೆಗೂ ಜನರು ಸಾಲುಗಟ್ಟಿದಾಗ, ಈ ಕೆಲಸಕ್ಕೆ ಕೈಹಾಕಲಾಗದು.

ಇನ್ನು ಹೊಣೆಯ ಮಾತು. ಹೊಸದನ್ನು ಕೂಡ್ರಿಸುವ ಗುತ್ತಿಗೆಯಲ್ಲಿಯೇ ಹಳೆಯದನ್ನು ತೆಗೆಯುವ ಕರಾರನ್ನೂ ಸೇರಿಸಬೇಕು. ತೆಗೆದುದರ ದಾಖಲೆ ಬರುವ ವರೆಗೆ ಕೊನೆಯ ಬಿಲ್ಲನ್ನು ಕೊಡಬಾರದು. ೨೦೨೨ರಲ್ಲಿ ಕೇಂದ್ರ ಸರಕಾರವು ದೇಶದ ೬೩,೦೦೦ ಪ್ರಾಥಮಿಕ ಕೃಷಿ ಪತ್ತಿನ ಸಂಘಗಳನ್ನು ಒಂದೇ ತೆರನಾದ ತಂತ್ರಾಂಶಕ್ಕೆ ತರುವ ಯೋಜನೆಗೆ ೨,೫೧೬ ಕೋಟಿ ರೂಪಾಯಿಗಳನ್ನು ಮಂಜೂರು ಮಾಡಿತು. ಹೊಸದಕ್ಕೆ ಹಣವು ಬಂದಾಗಲೇ ಹಳೆಯದನ್ನು ತೀರಿಸಿಕೊಳ್ಳದಿದ್ದರೆ ಮುಂದೆ ಆ ಕೆಲಸಕ್ಕೆ ಹಣವೂ ಇರದು, ನೆನಪೂ ಇರದು.

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲೂಕುಗಳ ಸಂಘಗಳ ಸದಸ್ಯರು ಬರುವ ವಾರ್ಷಿಕ ಸಭೆಯಲ್ಲಿ ಒಂದು ಪ್ರಶ್ನೆಯನ್ನು ಅವಶ್ಯವಾಗಿ ಕೇಳಬೇಕು: ನಮ್ಮ ಖಾತೆಯು ಎಷ್ಟು ಪುಸ್ತಕಗಳಲ್ಲಿ ನಡೆದಿದೆ? ಒಂದೇ ಎಂಬ ಉತ್ತರವು ಬರುವ ವರೆಗೂ ಅದನ್ನು ಕೇಳುತ್ತಲೇ ಇರಬೇಕು.