ಹಾವಿಗೆ ಪೆಟ್ಟಿಗೆ ಮಾಡ್ಸೋ ದುಡ್ಡಲ್ಲಿ ಮನೆ ಸಂದು ಮುಚ್ಸಿ

ನಮ್ಮ ಬೀದಿಯೋರೊಬ್ರು ಮೊನ್ನೆ ನನ್ನ ಒಂದು ಮಾತು ಕೇಳಿದ್ರು. ಅವರ ಮಗ ಹಾವು ಹಿಡಿಯೋದು ಕಲ್ತವ್ನೆ. ಯಾರ ಮನೇಲಿ ಹಾವು ಬಂದ್ರೂ ಇವನಿಗೇ ಫೋನು. ಹಿಡಿದದ್ದನ್ನ ಸೀದಾ ಕಾಡಿಗೆ ಬಿಡಲ್ಲ, ಎರಡು ದಿನ ಮನೇಲಿಟ್ಕೊಂಡು, ಸ್ನೇಹಿತರಿಗೆಲ್ಲ ತೋರ್ಸಿ, ವಿಡಿಯೋ ಮಾಡಿ, ಆಮೇಲೆ ಬಿಡೋದು. ಈಗ ಒಂದು ನಾಗರಹಾವನ್ನ ಇಟ್ಕೊಂಡೇಬಿಡ್ತೀನಿ ಅಂತ ಹಟ ಹಿಡಿದವ್ನೆ. "ಪೇಂಟ್ ಡಬ್ಬಕ್ಕೆ ಹಾಕಿ ಮೇಲೆ ಕಲ್ಲು ಹೇರ್ತಾನೆ ಅಕ್ಕ, ನೋಡಿದ್ರೆ ಎದೆ ಝಲ್ ಅಂತದೆ. ಬಡಗಿ ಹತ್ರ ಒಂದು ಗಟ್ಟಿ ಪೆಟ್ಟಿಗೆ ಮಾಡ್ಸಿ ಮುಂದೆ ಗಾಜು ಹಾಕ್ಸಿ ಕೊಟ್ರೆ ಆಗಲ್ವಾ?" ಅಂದ್ರು ಆಯಮ್ಮ.

ಕೇಳಿದ್ದು ತಪ್ಪಲ್ಲ. ಮಗ ಹೇಳಿದ ಮಾತು ಕೇಳಲ್ಲ, ಅಪಾಯನಾದ್ರೂ ಕಮ್ಮಿ ಆಗ್ಲಿ ಅನ್ನೋದು ತಾಯಿ ಕರುಳು. ಆದ್ರೂ ನನ್ನ ಅಭಿಪ್ರಾಯ ಬೇಡ ಅಂತಲೇ. ಸುಮ್ನೆ ಬೇಡ ಅಂದ್ರೆ ಯಾರೂ ಕೇಳಲ್ಲ. ಅದಕ್ಕೇ ಆ ಪೆಟ್ಟಿಗೆ ನಿಜವಾಗ್ಲೂ ಗಟ್ಟಿ ಆಗ್ಬೇಕಾದ್ರೆ ಏನೇನು ಬೇಕು ಅಂತ ಮೊದಲು ಲೆಕ್ಕ ಹಾಕೋಣ. ಆಮೇಲೆ ನೀವೇ ಹೇಳಿ.

ಮೊದಲನೇದು ಸಂದು. ಹಾವಿಗೆ ಬಲ ಬೇಕಿಲ್ಲ, ಸಂದು ಸಿಕ್ರೆ ಸಾಕು. ತಲೆ ತೂರೋ ಕಡೆ ಮೈಯೂ ತೂರ್ತದೆ. ಮುಚ್ಚಳ ಒಂದು ಕಡೆ ಒಂಚೂರು ಎದ್ದಿದ್ರೆ ಮೂತಿ ಇಟ್ಟು ತಳ್ತಾ ಇರ್ತದೆ, ರಾತ್ರಿಯೆಲ್ಲ ತಳ್ತದೆ, ಅದಕ್ಕೇನು ಬೇರೆ ಕೆಲಸವಾ? ಕಲ್ಲು ಹೇರೋದು ಬೀಗ ಅಲ್ಲ. ಬೆಕ್ಕು ಹಾರಿ ಬೀಳಿಸ್ತದೆ, ಮಕ್ಕಳು ಆಟಕ್ಕೆ ತೆಗೀತಾವೆ. ಬೀಗ ಅಂದ್ರೆ ಕೀಲಿ ಹಾಕೋ ಬೀಗನೇ ಆಗ್ಬೇಕು. ಗಾಜು ದಪ್ಪನೇದಿರಬೇಕು. ಮರ ಮಳೆಗಾಲದಲ್ಲಿ ಊದ್ಕೊಳ್ತದೆ, ಬೇಸಿಗೇಲಿ ಬಿರುಕು ಬಿಡ್ತದೆ. ನಮ್ಮ ಮನೆ ಬಾಗಿಲೇ ಆಷಾಢದಲ್ಲಿ ಹಾಕಕ್ಕೆ ಬರಲ್ಲ, ಇನ್ನು ಪೆಟ್ಟಿಗೆ ಬಾಗಿಲು ಹೆಂಗೆ ನಂಬೋದು?

ಎರಡನೇದು ಗಾಳಿ ತೂತು. ಉಸಿರಾಡಕ್ಕೆ ಅಂತ ಹುಡುಗರು ಡಬ್ಬಕ್ಕೆ ಕಾದ ಕಬ್ಬಿಣದಲ್ಲಿ ಬೆರಳು ದಪ್ಪ ತೂತು ಮಾಡ್ತಾರೆ. ದೊಡ್ಡ ಹಾವು ಅದರಲ್ಲಿ ಬರಲ್ಲ, ನಿಜ. ಆದ್ರೆ ಕೊಳಕುಮಂಡಲ ಮೊಟ್ಟೆ ಇಡೋ ಹಾವಲ್ಲ ಕಣ್ರೇ, ಮರಿ ಹಾಕೋದು. ಬೇಸಿಗೆ ಕೊನೆಯಿಂದ ಮುಂಗಾರು ಹಿಡಿಯೋ ಹೊತ್ತಿಗೆ ಒಂದೇ ಸಲಕ್ಕೆ 20, 30, ಅದಕ್ಕೂ ಹೆಚ್ಚು ಮರಿ ಹಾಕ್ತದೆ. ಒಂದೊಂದೂ ಗೇಣುದ್ದ, ಹುಟ್ಟಿದಾಗ್ಲೇ ವಿಷ ಇರ್ತದೆ. ಬಸುರಿ ಹಾವನ್ನ ಹಿಡ್ಕೊಂಡು ಬಂದು ಡಬ್ಬದಲ್ಲಿಟ್ಟು ಇವನು ಮಲಗಿದ ಅನ್ನಿ, ಬೆಳಿಗ್ಗೆ ಎದ್ರೆ ಡಬ್ಬದಲ್ಲಿ ತಾಯಿ, ಮನೆ ತುಂಬ ಮರಿ. ಎಷ್ಟು ಹೋದವು, ಎಲ್ಲಿ ಸೇರ್ಕೊಂಡವು ಅಂತ ಯಾರು ಲೆಕ್ಕ ಇಡ್ತಾರೆ? ಅಕ್ಕಿ ಡ್ರಮ್ಮಿನ ಸಂದಿ, ಬೀರು ಹಿಂದೆ, ಅಜ್ಜಿ ಚಾಪೆ ಸುರುಳಿ ಒಳಗೆ.

ಮೂರನೇದು ಒಳಗಡೆ ವ್ಯವಸ್ಥೆ. ಇದನ್ನ ಯಾರೂ ಯೋಚನೆ ಮಾಡಲ್ಲ. ನೀರು ಇಡಬೇಕು, ಹೊಲಸು ತೆಗೀಬೇಕು, ಇಲಿ ಹಾಕಬೇಕು. ಪ್ರತಿ ಸಲಕ್ಕೂ ಬಾಗಿಲು ತೆಗೀಬೇಕು. ಕಚ್ಚೋದು ಆವಾಗಲೇ. ಮೃಗಾಲಯದವರು ವಿಷದ ಹಾವಿಡೋ ಕಡೆ ಪೆಟ್ಟಿಗೆ ಒಳಗೇ ಇನ್ನೊಂದು ಸಣ್ಣ ಗೂಡು ಇಡ್ತಾರೆ. ಹಾವು ಅದರೊಳಗೆ ಹೋದ ಮೇಲೆ ಹೊರಗಿಂದಲೇ ಕೋಲಲ್ಲಿ ಗೂಡಿನ ಬಾಯಿ ಮುಚ್ಚಿ, ಆಮೇಲೆ ದೊಡ್ಡ ಬಾಗಿಲು ತೆಗೆದು ಗುಡಿಸೋದು. ಒಬ್ರೇ ತೆಗೆಯಲ್ಲ, ಇಬ್ರು ಇರ್ತಾರೆ. ಪೆಟ್ಟಿಗೆ ಇಟ್ಟ ಕೋಣೆಗೂ ಬಾಗಿಲ ಕೆಳಗೆ ಸಂದಿರಲ್ಲ, ಮೋರಿಗೆ ಜಾಲರಿ ಇರ್ತದೆ. ಪೆಟ್ಟಿಗೆ ತಪ್ಪಿಸ್ಕೊಂಡ್ರೂ ಕೋಣೆ ದಾಟಬಾರದು ಅಂತ. ನಮ್ಮ ಎಷ್ಟು ಜನದ ಮನೇಲಿ ಹಂಗೆ ಒಂದು ಖಾಲಿ ಕೋಣೆ ಅದೆ? ಮಕ್ಕಳು ಓದೋ ಕೋಣೇಲೇ ಮಂಚದ ಕೆಳಗೆ ಇಡೋದಲ್ವಾ ಕೊನೆಗೆ?

ನಾಲ್ಕನೇದು ಔಷಧಿ. ನಮ್ಮ ದೇಶದ ಆಸ್ಪತ್ರೇಲಿ ಕೊಡೋ ಹಾವಿನ ವಿಷದ ಇಂಜೆಕ್ಷನ್ನು ನಾಲ್ಕು ಹಾವಿಗೆ ಮಾಡಿರೋದು: ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ. ಕಾಳಿಂಗಕ್ಕೇ ಅದು ಆಗಲ್ಲ, ಇನ್ನು ಹೊರದೇಶದ ಹಾವಿಗೆ ಎಲ್ಲಿಂದ ಬರ್ತದೆ? ಇದನ್ಯಾಕೆ ಹೇಳ್ತಾ ಇದೀನಿ ಅಂದ್ರೆ, 2023ರ ಸೆಪ್ಟೆಂಬರಲ್ಲಿ ಬೆಂಗಳೂರು ಏರ್‌ಪೋರ್ಟಲ್ಲಿ ಬ್ಯಾಂಕಾಕಿಂದ ಬಂದ ಬ್ಯಾಗಲ್ಲಿ 55 ಹೆಬ್ಬಾವಿನ ಜಾತಿಯ ಹಾವು, 17 ಕಾಳಿಂಗ ಸಿಕ್ಕಿದ್ವು. 6 ಕೋತಿ ಸತ್ತೋಗಿದ್ವು. ಕೊಳ್ಳೋರು ಇಲ್ದೆ ಯಾರಾದ್ರೂ ತರ್ತಾರಾ? ಎಲ್ಲೋ ಗಾಜಿನ ಪೆಟ್ಟಿಗೆ ರೆಡಿ ಮಾಡ್ಕೊಂಡು ಕಾಯ್ತಾ ಇದ್ದೋರು ಇದ್ರು ಅಂತಾಯ್ತು.

"ಫಾರಿನ್ನಲ್ಲಿ ಎಲ್ಲ ಸಾಕ್ತಾರಲ್ಲ ಆಂಟಿ" ಅಂತ ಹುಡುಗರು ಅಂತಾರೆ. ಸಾಕ್ತಾರೆ, ಇಲ್ಲ ಅನ್ನಲ್ಲ. ಅಮೆರಿಕದ ಉತ್ತರ ಕೆರೊಲಿನಾದಲ್ಲಿ ರಾಲಿ ಅಂತ ಊರು, ನಮ್ಮ ಕನ್ನಡದ ಹುಡುಗರು ಸಾಫ್ಟ್‌ವೇರ್ ಕೆಲಸಕ್ಕೆ ಹೋಗಿ ಸಂಸಾರ ಹೂಡಿರೋ ಕಡೆ. ಆ ರಾಜ್ಯದ ಕಾನೂನೇ ಹೇಳ್ತದೆ: ವಿಷದ ಹಾವಿಡೋ ಪೆಟ್ಟಿಗೆ ತಪ್ಪಿಸ್ಕೊಳ್ಳದಂಗೆ ಇರಬೇಕು, ಬೀಗ ಇರಬೇಕು, ಒಳಗೆ ವಿಷದ ಹಾವದೆ ಅಂತ ಮೇಲೆ ಬರೆದಿರಬೇಕು, ಯಾವ ಔಷಧಿ ಬೇಕು ಅಂತಲೂ ಬರೆದಿರಬೇಕು. ಇಷ್ಟೆಲ್ಲ ಇದ್ದೂ 2020ರ ನವೆಂಬರಲ್ಲಿ ಒಬ್ಬ ಹುಡುಗ ಸಾಕಿದ್ದ, ಕಣ್ಣಿಗೆ ವಿಷ ಉಗುಳೋ ಆಫ್ರಿಕಾದ ನಾಗರಹಾವು ತಪ್ಪಿಸ್ಕೊಳ್ತು. ಅವನು ಯಾರಿಗೂ ಹೇಳಲಿಲ್ಲ. ಏಳು ತಿಂಗಳಾದ ಮೇಲೆ, 2021ರ ಜೂನಲ್ಲಿ, ಅದು ಯಾರದೋ ಮನೆ ಜಗುಲೀಲಿ ಕಾಣಿಸ್ಕೊಳ್ತು! ಅಷ್ಟು ದಿನವೂ ಅಕ್ಕಪಕ್ಕದೋರು ಅಲ್ಲೇ ಮಕ್ಕಳನ್ನ ಆಡಕ್ಕೆ ಬಿಡ್ತಾ ಇದ್ರು. ಅದೇ ಹುಡುಗನಿಗೆ ಅವನೇ ಸಾಕಿದ್ದ ಇನ್ನೊಂದು ಹಾವು ಆ ಮಾರ್ಚಲ್ಲಿ ಕಚ್ಚಿ, ಪಕ್ಕದ ರಾಜ್ಯದ ಮೃಗಾಲಯದಿಂದ ಔಷಧಿ ತರ್ಸಿ ಉಳಿಸಿದ್ರು. ಕಾನೂನು, ಗಾಜು, ಬೀಗ, ದುಡ್ಡು ಎಲ್ಲ ಇರೋ ದೇಶದಲ್ಲೇ ಹಿಂಗೆ. ನಾವು ಬಡಗಿ ಮಾಡಿದ ಪೆಟ್ಟಿಗೆ ನಂಬ್ಕೊಂಡು ಮಲಗೋದಾ?

ನಮ್ಮಲ್ಲಂತೂ ಕಾನೂನೇ ಬೇಡ ಅಂತದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ನಾಗರ, ಕೊಳಕುಮಂಡಲ, ಕಾಳಿಂಗ ಇವನ್ನ ಹಿಡಿದು ಮನೇಲಿಟ್ಕೊಳ್ಳೋದು ಅಪರಾಧ, ಜೈಲು ಆಗ್ತದೆ. ನಾವು ಚಿಕ್ಕೋರಿದ್ದಾಗ ಸಂತೆ ದಿನ ಬೆತ್ತದ ಬುಟ್ಟಿ, ಪುಂಗಿ ಇಟ್ಕೊಂಡು ಹಾವಾಡಿಗರು ಬರೋರು, ಈಗ ಕಾಣಲ್ಲ. ಅದಕ್ಕೂ ಈ ಕಾನೂನೇ ಕಾರಣ. ಆ ಬುಟ್ಟೀಲಿ ಹಾವು ಸುಮ್ನಿರ್ತಿದ್ದದ್ದು ಪಳಗಿತ್ತು ಅಂತಲ್ಲ, ಹಲ್ಲು ಕಿತ್ತು ಬಾಯಿ ಹೊಲಿದು ಹಾಕ್ತಿದ್ರು. ಅನ್ನ ನೀರಿಲ್ದೆ ಸಾಯೋದು ಪಾಪ. ಹಾವು ನಾಯಿ ಬೆಕ್ಕಿನಂಗೆ ಸಾಕಿದೋರನ್ನ ಗುರುತಿಟ್ಟು ಪ್ರೀತಿ ಮಾಡೋ ಪ್ರಾಣಿ ಅಲ್ಲ. ಅದಕ್ಕೆ ನಾವು ಅಂದ್ರೆ ದೊಡ್ಡದೊಂದು ಅಪಾಯ, ಅಷ್ಟೇ.

ಹಂಗಾದ್ರೆ ಹಾವನ್ನ ಹಿಡಿದು ಇಡೋರೇ ಇಲ್ವಾ ಅಂದ್ರೆ ಅವ್ರೆ. ಚೆನ್ನೈ ಹತ್ರ ವಡನೆಮ್ಮೇಲಿ ಅನ್ನೋ ಕಡೆ ಇರುಳರ ಸಹಕಾರ ಸಂಘ 1978ರಿಂದ ಅದೆ. ತಲೆತಲಾಂತರದಿಂದ ಹಾವು ಹಿಡಿಯೋ ಜನ ಅವರು. ಸರ್ಕಾರದ ಅಪ್ಪಣೆ ತಗೊಂಡು, ಲೆಕ್ಕಕ್ಕೆ ಸರಿಯಾಗಿ ಹಾವು ತಂದು, ಮಣ್ಣಿನ ಮಡಕೇಲಿಟ್ಟು ಬಾಯಿಗೆ ಹತ್ತಿಬಟ್ಟೆ ಕಟ್ತಾರೆ. ಮಡಕೆ ತಂಪಾಗಿರ್ತದೆ, ಬಟ್ಟೇಲಿ ಗಾಳಿ ಆಡ್ತದೆ, ಒಳಗೆ ಕತ್ತಲು, ಹಾವು ಗಾಬರಿ ಬೀಳಲ್ಲ. ಮೂರು ನಾಲ್ಕು ವಾರದಲ್ಲಿ ಕೆಲವು ಸಲ ವಿಷ ತೆಗೆದು ವಾಪಸ್ ಬಿಡ್ತಾರೆ. ಆ ವಿಷದಿಂದಲೇ ನಮ್ಮ ಆಸ್ಪತ್ರೆಗಳ ಔಷಧಿ ಆಗೋದು. ಅವರು ಇಡೋದಕ್ಕೆ ಒಂದು ಅರ್ಥ ಅದೆ, ಅನುಭವ ಅದೆ, ಅಪ್ಪಣೆ ಅದೆ. ವಿಡಿಯೋಕ್ಕೆ ಇಡೋ ನಮ್ಮ ಹುಡುಗನಿಗೆ ಮೂರೂ ಇಲ್ಲ.

ನಾಗಪ್ಪ ನಮ್ಮನೆ ದೇವರು, ನಮಗೇನೂ ಮಾಡಲ್ಲ ಅನ್ನೋರೂ ಅವ್ರೆ. ನಾನೂ ಪಂಚಮಿಗೆ ತನಿ ಎರೆಯೋಳೇ. ರಾಮನಾಥಪುರದ ಸುಬ್ರಹ್ಮಣ್ಯ ಸ್ವಾಮಿಗೆ ಷಷ್ಠಿ ಜಾತ್ರೇಲಿ ಕೈ ಮುಗಿಯೋಳೇ. ಆದ್ರೆ ನಮ್ಮ ಹಿರೀಕರು ನಾಗಪ್ಪನಿಗೆ ಜಾಗ ಕೊಟ್ಟಿದ್ದು ಎಲ್ಲಿ ನೋಡಿ. ಊರಾಚೆ ಅಶ್ವತ್ಥಕಟ್ಟೆ ಮೇಲೆ, ಹುತ್ತದ ಹತ್ರ. ಹಾಲು ತಗೊಂಡು ನಾವು ಅಲ್ಲಿಗೆ ಹೋಗೋದೇ ಹೊರ್ತು ಅವನನ್ನ ಬುಟ್ಟೀಲಿ ಹೊತ್ಕೊಂಡು ಅಡುಗೆಮನೆಗೆ ತರಲಿಲ್ಲ. ಭಕ್ತಿಯೂ ಆಯ್ತು, ದೂರವೂ ಇತ್ತು.

ಇನ್ನೊಂದು ಮಾತು, ಇದೇ ನನಗೆ ಮುಖ್ಯ. ಹಾವು ತಂದಿಟ್ಟ ಮಗ ಬೆಳಿಗ್ಗೆ ಗಾಡಿ ಹತ್ತಿ ಕೆಲಸಕ್ಕೆ ಹೋಗ್ತಾನೆ. ಆ ಕೋಣೆ ಗುಡಿಸೋರು ಯಾರು? ತಾಯಿ, ಇಲ್ಲಾ ಸೊಸೆ. ನೆಲದ ಮೇಲೆ ಮಲಗೋರು ಅಜ್ಜಿ. ಬಗ್ಗಿ ಚೆಂಡು ತೆಗೆಯೋದು ಮಗು. ಶೋಕಿ ಒಬ್ಬಂದು, ಕಾಯೋದು ಮನೆಯವರೆಲ್ಲ. ಪೆಟ್ಟಿಗೆ ಮಾಡ್ಸಿ ಕೊಟ್ರೆ ಇವತ್ತು ಒಂದು ಹಾವು, ನಾಳೆ ಇನ್ನೊಂದು ಪೆಟ್ಟಿಗೆ ಕೇಳ್ತಾನೆ. ಮನೆ ನಡೆಸೋರು ನಾವು, ಬೇಡ ಅನ್ನೋ ಹಕ್ಕು ನಮಗದೆ. 2000ರಿಂದ 2019ರವರೆಗೆ ಹಾವು ಕಚ್ಚಿ ನಮ್ಮ ದೇಶದಲ್ಲಿ ಸುಮಾರು 12 ಲಕ್ಷ ಜನ ಸತ್ರು ಅಂತ 2020ರ ಒಂದು ಅಧ್ಯಯನ ಲೆಕ್ಕ ಹಾಕದೆ, ಅಂದ್ರೆ ವರ್ಷಕ್ಕೆ 58,000. ಬಹಳ ಜನ ಹಳ್ಳಿಯೋರೇ. ಹಾವು ತಾನಾಗೇ ಬಂದು ಕಚ್ಚೋದೇ ಇಷ್ಟಿರುವಾಗ ನಾವೇ ಕರ್ಕೊಂಡು ಬರಬೇಕಾ? 2023ರಲ್ಲಿ ನಮ್ಮ ಪಕ್ಕದ ಚಿಕ್ಕಮಗಳೂರಲ್ಲಿ ಸಾವಿರಾರು ಹಾವು ಹಿಡಿದ ಅನುಭವ ಇದ್ದೋರೇ ನಾಗರಹಾವು ಕಚ್ಚಿ ತೀರ್ಕೊಂಡ್ರು. ಎಷ್ಟು ಹಾವು ಹಿಡಿದಿದ್ರೂ ಮುಂದಿನ ಹಾವಿಗೆ ಅದು ಗೊತ್ತಿರಲ್ಲ.

ಹಂಗಂತ ಹುಡುಗನನ್ನ ಬೈಬೇಡಿ ಅಂತಲೂ ಆಯಮ್ಮಂಗೆ ಹೇಳ್ದೆ. ಮುಂಚೆ ಹಾವು ಕಂಡ್ರೆ ದೊಣ್ಣೆ ತಗೊಂಡು ಜಜ್ಜೋರು. ಈಗ ಒಬ್ಬ ಹುಡುಗ ಬಂದು ಜೀವಂತ ಹಿಡಿದು ಬಿಡ್ತಾನೆ ಅಂದ್ರೆ ಅದು ಒಳ್ಳೇ ಬುದ್ಧಿನೇ. ಆದ್ರೆ ಅರಣ್ಯ ಇಲಾಖೆಯೋರಿಗೆ ತಿಳಿಸಿ, ಅವರು ಹೇಳಿದಂಗೆ ಕಲ್ತು ಮಾಡ್ಲಿ. ಹಿಡಿದದ್ದನ್ನ ಗಟ್ಟಿ ಬಟ್ಟೆ ಚೀಲಕ್ಕೆ ಇಳಿಸಿ, ಬಾಯಿ ಮಡಚಿ ಕಟ್ಟಿ, ಆ ಚೀಲನ ಮುಚ್ಚಳ ಲಾಕ್ ಆಗೋ ಡಬ್ಬದಲ್ಲಿಟ್ಟು, ಡಬ್ಬಕ್ಕೆ ಕಡ್ಡಿ ಹೋಗೋಷ್ಟು ಸಣ್ಣ ತೂತು ಮಾಡಿ ತಗೊಂಡು ಹೋಗೋದು. ಬರೀ ಚೀಲ ಹಿಡ್ಕೊಂಡು ಹೋಗೋಂಗಿಲ್ಲ, ಬಟ್ಟೆ ಮೇಲಿಂದಲೂ ಹಲ್ಲು ನಾಟ್ತದೆ. ಅದೂ ಆ ಮನೆಯಿಂದ ಬಿಡೋ ಜಾಗದವರೆಗೆ ಮಾತ್ರ. ರಾತ್ರಿ ಬಿಡಕ್ಕೆ ಆಗಲ್ಲ ಅಂದ್ರೆ ಇಲಾಖೆಯೋರ ವಶಕ್ಕೆ ಕೊಡ್ಲಿ, ಅವರ ಸಹಾಯವಾಣಿ 1926 ಅದೆ. ನಮ್ಮ ಮಂಚದ ಕೆಳಗೆ ಮಾತ್ರ ಬೇಡ.

ಪೆಟ್ಟಿಗೆಗೆ ಅಂತ ಎತ್ತಿಟ್ಟ ದುಡ್ಡು ಮಿಕ್ತಲ್ಲ, ಅದರಲ್ಲಿ ಮಾಡೋದು ಬೇಕಾದಷ್ಟದೆ. ಹಿಂಬಾಗಿಲ ಕೆಳಗಿನ ಸಂದಿಗೆ ರಬ್ಬರ್ ಪಟ್ಟಿ ಹೊಡ್ಸಿ. ಬಚ್ಚಲು ಮೋರಿಗೆ ಸಣ್ಣ ಕಣ್ಣಿನ ಜಾಲರಿ ಹಾಕ್ಸಿ. ಗೋಡೆ ಬುಡದ ಇಲಿ ಬಿಲಕ್ಕೆ ಸಿಮೆಂಟ್ ತುಂಬ್ಸಿ, ಇಲಿ ಇದ್ದ ಕಡೆ ಹಾವು ಬಂದೇ ಬರ್ತದೆ. ಕೋಳಿ ಗೂಡನ್ನ ಮನೆ ಗೋಡೆಗೆ ಅಂಟಿಸ್ದೆ ದೂರ ಇಡಿ. ಅರಕಲಗೂಡು ಕಡೆ ಹೊಗೆಸೊಪ್ಪಿನ ಬ್ಯಾರನ್ನಿಗೆ ಸೌದೆ ಒಟ್ಟಿರ್ತೀರಿ, ಚನ್ನರಾಯಪಟ್ಟಣದ ಕಡೆ ತೆಂಗಿನ ಗರಿ, ಮೊಟ್ಟೆ ರಾಶಿ ಹಾಕಿರ್ತೀರಿ, ಹೊಳೆನರಸೀಪುರದ ನಾಲೆ ಬಯಲಲ್ಲಿ ಹುಲ್ಲಿನ ಮೆದೆ ಇರ್ತದೆ. ಅದರೊಳಕ್ಕೆ ಬರಿಗೈ ಹಾಕ್ಬೇಡಿ, ಮೊದಲು ಕೋಲಲ್ಲಿ ಎಳೀರಿ. ನೆಲದ ಮೇಲೆ ಮಲಗೋ ಅತ್ತೆ ಮಾವಂದಿರಿಗೆ ಸೊಳ್ಳೆಪರದೆ ಕಟ್ಟಿ, ಅಂಚನ್ನ ಹಾಸಿಗೆ ಕೆಳಗೆ ಸುತ್ತಲೂ ಸಿಗಿಸಿ. ಕಟ್ಟುಹಾವು ರಾತ್ರಿ ಬರ್ತದೆ, ಕಚ್ಚಿದ್ದೂ ಸರಿಯಾಗಿ ಗೊತ್ತಾಗಲ್ಲ. ಅದಕ್ಕೆ ಪರದೆ ಒಳ್ಳೇ ಕಾವಲು.

ಅಷ್ಟಾದ ಮೇಲೂ ಕಚ್ಚಿದ್ರೆ ಬಿಗಿಯಾಗಿ ಕಟ್ಟೋದು, ಕೊಯ್ಯೋದು, ಚೀಪೋದು ಯಾವುದೂ ಬೇಡ. ಕೈಯೋ ಕಾಲೋ ಅಲ್ಲಾಡಿಸ್ದಂಗೆ ಇಟ್ಟು, 108ಕ್ಕೆ ಫೋನ್ ಮಾಡಿ ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಹೋಗಿ. 2024ರ ಫೆಬ್ರವರಿಯಿಂದ ನಮ್ಮ ರಾಜ್ಯದಲ್ಲಿ ಹಾವು ಕಚ್ಚಿದ ಪ್ರತಿ ಕೇಸನ್ನೂ ಆಸ್ಪತ್ರೆಯೋರು ಸರ್ಕಾರಕ್ಕೆ ವರದಿ ಮಾಡಲೇಬೇಕು ಅಂತ ಆಗದೆ. ದೇವಸ್ಥಾನ, ನಾಟಿ ವೈದ್ಯ ಅಂತ ಸುತ್ತಿ ಹೊತ್ತು ಕಳೀಬೇಡಿ. ಹರಕೆ ಏನಿದ್ರೂ ಆಸ್ಪತ್ರೆಯಿಂದ ವಾಪಸ್ ಬಂದ ಮೇಲೆ ತೀರ್ಸೋಣ, ನಾನೂ ಬರ್ತೀನಿ.