ಬಾರಿಸದೆ ಬಿಟ್ಟ ಸ್ವರಗಳ ಪರವಾಗಿ

ಮೊನ್ನೆ ಭಾನುವಾರ ಗೆಳೆಯನ ಮನೆಯಲ್ಲಿ ಊಟ ಮುಗಿಸಿ ಹರಟುತ್ತಾ ಕೂತಿದ್ದೆವು. ನನ್ನ ಬುದ್ಧಿ ನೆಟ್ಟಗಿರಲಿಲ್ಲ, ಅಹ್ಮದ್ ಜಮಾಲ್‌ನ 'ಪೊಯಿನ್ಸಿಯಾನಾ' ಹಾಕಿದೆ. ಎರಡು ನಿಮಿಷ ಆಗಿರಲಿಲ್ಲ, ಗೆಳೆಯ ಅಂದ: "ಇದೆಂಥದು ಮಾರಾಯಾ, ಹೋಟೆಲ್ ಲಾಬಿ ಮ್ಯೂಸಿಕ್ಕು! ಹಾಡೂ ಅವನದಲ್ಲ, ಕೈಯೂ ಓಡುವುದಿಲ್ಲ."

ಉಂಡ ಮನೆಯಲ್ಲಿ ಜಗಳ ಬೇಡ ಅಂತ ಸುಮ್ಮನಾದೆ. ಆದರೆ ಇಲ್ಲಿ ಸುಮ್ಮನಿರಬೇಕಾದ ಹಂಗಿಲ್ಲವಲ್ಲ!

ಮೊದಲು 'ಹಾಡು ಅವನದಲ್ಲ' ಅನ್ನೋ ಮಾತು. ನಿಜ, ಅವನದಲ್ಲ. ಕ್ಯೂಬಾದ ಜನಪದ ಹಾಡೊಂದರ ಎಳೆ ಹಿಡಿದು 1936ರಲ್ಲಿ ನ್ಯಾಟ್ ಸೈಮನ್ ರಾಗ ಕೂಡಿಸಿದ, ಬಡ್ಡಿ ಬರ್ನಿಯರ್ ಮಾತು ಬರೆದ. 1940ರ ದಶಕದಲ್ಲಿ ಬಿಂಗ್ ಕ್ರಾಸ್ಬಿ ಹಾಡಿ ಮನೆಮನೆಗೂ ಮುಟ್ಟಿಸಿದ. ಪೊಯಿನ್ಸಿಯಾನಾ ಅಂದರೆ ಮರದ ಹೆಸರು. ಮೇ ತಿಂಗಳಲ್ಲಿ ನಮ್ಮ ಮುಂಬೈಯ ರಸ್ತೆಗಳಲ್ಲಿ ಕೆಂಪಗೆ ಉರಿಯುವ ಗುಲ್‌ಮೊಹರ್‌ಗೂ ಇಂಗ್ಲಿಷಿನಲ್ಲಿ ರಾಯಲ್ ಪೊಯಿನ್ಸಿಯಾನಾ ಅಂತಲೇ ಕರೆಯುತ್ತಾರೆ. ಅಂತೂ ಜಮಾಲ್ ಕೈಗೆ ಬರುವಷ್ಟರಲ್ಲಿ ಅದು ಎಲ್ಲರೂ ಬಲ್ಲ ಹಳೇ ಹಾಡು.

ಹಾಗಾದರೆ ಕೇಳುತ್ತೇನೆ, ಬಂದಿಶ್ ಹಳೆಯದು ಅಂತ ಭೀಮಸೇನ ಜೋಶಿಯವರನ್ನು ಯಾರಾದರೂ ದೂರಿದ್ದುಂಟೇ? ಸಾಹಿತ್ಯ ತ್ಯಾಗರಾಜರದು ಅಂತ ಕಛೇರಿಯಿಂದ ಎದ್ದು ಹೋದವರುಂಟೇ? ನಮ್ಮವರಿಗೆ ಕೊಡುವ ಈ ಸಲಿಗೆಯನ್ನು ಶಿಕಾಗೋದ ಒಬ್ಬ ಪಿಯಾನೋದವನಿಗೆ ಕೊಡಲು ಯಾಕಿಷ್ಟು ಜಿಪುಣತನ?

ಈಗ ಎರಡನೇ ಮಾತು. ಕೈ ಓಡುವುದಿಲ್ಲವಂತೆ. ಇದು ನಮ್ಮಲ್ಲಿ ತುಂಬಾ ಹಳೇ ಕಾಯಿಲೆ. ಯಾವ ಕಾರ್ಯಕ್ರಮಕ್ಕೇ ಹೋಗಿ, ನಿಧಾನವಾಗಿ ಹಾಡಿದಾಗ ಸಭಿಕರು ಮೊಬೈಲು ನೋಡುತ್ತಾರೆ, ದ್ರುತ್‌ನಲ್ಲಿ ತಾನು ಸಿಡಿದ ಕೂಡಲೇ ಚಪ್ಪಾಳೆ. ವೇಗವನ್ನು ಗಡಿಯಾರ ಹಿಡಿದು ಅಳೆಯಬಹುದು. ಸಂಯಮ ಅಳೆಯಲು ಯಾವ ಗಡಿಯಾರವಿದೆ?

ಜಾಜ್‌ನಲ್ಲಿ ಇಂಥ ಪರಿಚಿತ ಹಾಡಿಗೆ 'ಸ್ಟ್ಯಾಂಡರ್ಡ್' ಅನ್ನುತ್ತಾರೆ. ಸಾಮಾನ್ಯವಾದ ದಾರಿ ಹೀಗೆ: ಮೊದಲು ಹಾಡಿನ ರಾಗ ಒಮ್ಮೆ, ಆಮೇಲೆ ಅದರ ಕಾರ್ಡ್‌ಗಳ ಮೇಲೆ ಒಬ್ಬೊಬ್ಬರಾಗಿ ಮನೋಧರ್ಮ, ಕೊನೆಗೆ ಮತ್ತೆ ರಾಗ. ಜಮಾಲ್ ಬೇರೆ ದಾರಿ ಹಿಡಿದ. ಹಾಡಿನ ಮೇಲೆ ಓಡುವ ಬದಲು ಹಾಡು ನಿಂತ ನೆಲವನ್ನೇ ಬದಲಿಸಿದ. ಡ್ರಮ್ಸ್‌ನಲ್ಲಿ ವರ್ನೆಲ್ ಫೋರ್ನಿಯರ್, ನ್ಯೂ ಆರ್ಲಿಯನ್ಸ್‌ನವನು. ಒಂದು ಕೈಯಲ್ಲಿ ಮ್ಯಾಲೆಟ್ ಹಿಡಿದು ಅವನು ನುಡಿಸುವ ಲಯ ಕೇಳಿದರೆ ಇಬ್ಬರು ಬಾರಿಸುತ್ತಿದ್ದಾರೆ ಅನ್ನಿಸುತ್ತದೆ. ಊರಿನ ಮೆರವಣಿಗೆಯ ವಾದ್ಯದವರ ನಡೆ ಅದರಲ್ಲಿದೆ. ಬೇಸ್‌ನಲ್ಲಿ ಇಸ್ರೇಲ್ ಕ್ರಾಸ್ಬಿ (ಇವನು ಬೇರೆ ಕ್ರಾಸ್ಬಿ!) ಒಂದೇ ನಡೆಯನ್ನು ಬಿಡದೆ ಸುತ್ತುತ್ತಾನೆ. ಇವರಿಬ್ಬರೂ ನೆಲ ಹಾಸಿದ ಮೇಲೆ ಜಮಾಲ್ ಬರುತ್ತಾನೆ, ಪಿಯಾನೋದ ಮೇಲಿನ ಸ್ಥಾಯಿಯಲ್ಲಿ ನಾಲ್ಕು ಸ್ವರ ಇಡುತ್ತಾನೆ, ಸುಮ್ಮನಾಗುತ್ತಾನೆ. ನಮಗೆ ಹಾಡು ಗೊತ್ತಿರುವುದರಿಂದ ಖಾಲಿ ಜಾಗವನ್ನು ನಮ್ಮ ಕಿವಿಯೇ ತುಂಬುತ್ತದೆ. ಗಮನಿಸಿ, ಹಾಡು ಪರಿಚಿತವಾಗಿರಲೇಬೇಕು ಅನ್ನುವುದು ಇದಕ್ಕೇ. ಗೊತ್ತಿಲ್ಲದ ಹಾಡಿನಲ್ಲಿ ಬಿಟ್ಟದ್ದು ಬಿಟ್ಟದ್ದು ಅಂತ ಗೊತ್ತಾಗುವುದಾದರೂ ಹೇಗೆ?

ಆಮೇಲೆ ಪಿಸುಮಾತಿನಷ್ಟು ಮೆಲ್ಲಗೆ, ಇದ್ದಕ್ಕಿದ್ದಂತೆ ಎರಡೂ ಕೈಯ ದಪ್ಪ ಕಾರ್ಡ್‌ಗಳು, ಮತ್ತೆ ಮೌನ. ಲಯ ಮಾತ್ರ ನಿಲ್ಲುವುದಿಲ್ಲ. ಹೀಗೆ ಸುಮಾರು ಎಂಟು ನಿಮಿಷ.

ಇದು ಒಂದು ರಾತ್ರಿಯಲ್ಲಿ ಹೊಳೆದದ್ದೂ ಅಲ್ಲ. 1955ರಲ್ಲಿ, ಡ್ರಮ್ಸ್ ಬದಲು ರೇ ಕ್ರಾಫರ್ಡ್‌ನ ಗಿಟಾರ್ ಇದ್ದಾಗಲೇ ಜಮಾಲ್ ಈ ಹಾಡನ್ನು ರೆಕಾರ್ಡ್ ಮಾಡಿದ್ದ. ನಾವು ಕೇಳುವ ಪ್ರಸಿದ್ಧ ರೂಪ 1958ರ ಜನವರಿಯಲ್ಲಿ ಶಿಕಾಗೋದ ಪರ್ಶಿಂಗ್ ಹೋಟೆಲಿನ ಲೌಂಜಿನಲ್ಲಿ ಜನರ ಎದುರೇ ರೆಕಾರ್ಡ್ ಆದದ್ದು. ಆ ಆಲ್ಬಂ ನೂರಕ್ಕೂ ಹೆಚ್ಚು ವಾರ ಬಿಲ್‌ಬೋರ್ಡ್ ಪಟ್ಟಿಯಲ್ಲಿತ್ತು. ಅಷ್ಟು ಜನಕ್ಕೆ ಹಿಡಿಸಿದ್ದೇ ತಪ್ಪಾಯಿತು ನೋಡಿ! ಕೆಲವು ವಿಮರ್ಶಕರು 'ಕಾಕ್‌ಟೇಲ್ ಪಿಯಾನಿಸ್ಟ್' ಅಂತ ಹಣೆಪಟ್ಟಿ ಹಚ್ಚಿದರು. ನನ್ನ ಗೆಳೆಯ ಅಂದದ್ದೂ ಅದನ್ನೇ, ಅರವತ್ತು ವರ್ಷಕ್ಕೂ ಹೆಚ್ಚು ತಡವಾಗಿ. ತಮಾಷೆ ಏನು ಗೊತ್ತೇ? ಜಮಾಲ್ ಮುಸಲ್ಮಾನನಾದವನು. ಆಮೇಲೆ ಶಿಕಾಗೋದಲ್ಲಿ 'ಅಲ್ಹಂಬ್ರಾ' ಅಂತ ತನ್ನದೇ ರೆಸ್ಟೋರೆಂಟ್ ತೆರೆದ. ಅಲ್ಲಿ ಮದ್ಯ ಕೊಡುತ್ತಿರಲಿಲ್ಲ!

ವಿಮರ್ಶಕರು ಬೈಯುತ್ತಿದ್ದಾಗ ಮೈಲ್ಸ್ ಡೇವಿಸ್ ಏನು ಮಾಡುತ್ತಿದ್ದ? ಜಮಾಲ್‌ನ ಈ ಮೌನವನ್ನೇ ಕಲಿಯುತ್ತಿದ್ದ. ತನ್ನ ಪಿಯಾನಿಸ್ಟ್ ರೆಡ್ ಗಾರ್ಲಂಡ್‌ಗೆ 'ಜಮಾಲ್ ಥರ ನುಡಿಸು' ಅನ್ನುತ್ತಿದ್ದ. 1957ರ 'ಮೈಲ್ಸ್ ಅಹೆಡ್'ನಲ್ಲಿ ಜಮಾಲ್‌ನ 'ನ್ಯೂ ರುಂಬಾ'ವನ್ನು ನುಡಿಸಿದ. ಮೈಲ್ಸ್‌ಗೆ ಕೇಳಿಸಿದ್ದು ನಮಗೆ ಕೇಳಿಸದಿದ್ದರೆ ತಪ್ಪು ಪಿಯಾನೋದ್ದಲ್ಲ ಸ್ವಾಮಿ.

ಗೆಳೆಯನ ಮಾತಿನಲ್ಲಿ ಸತ್ಯವೇ ಇಲ್ಲ ಅನ್ನುವುದಿಲ್ಲ. ಮೆಲುದನಿಯ ಸಂಗೀತ ಬೇಗ ಹಿನ್ನೆಲೆಗೆ ಸರಿದುಬಿಡುತ್ತದೆ, ಕಿವಿ ಕೊಡದಿದ್ದರೆ ಲಾಬಿಯ ಸಂಗೀತವೇ ಆಗುತ್ತದೆ. ಇದನ್ನು ನಾನೂ ಅನುಭವಿಸಿದವನೇ. ಕಾಲಾ ಘೋಡಾದ ರಿದಮ್ ಹೌಸ್‌ನಲ್ಲಿ (2016ರಲ್ಲಿ ಬಾಗಿಲು ಹಾಕಿತು, ಪಾಪ) ಈ ಸಿ.ಡಿ. ಕೊಂಡು, ಒಮ್ಮೆ ಹಾಕಿ, 'ಇಷ್ಟೇನಾ' ಅಂತ ಕಪಾಟಿನಲ್ಲಿಟ್ಟೆ. ವರ್ಷಗಟ್ಟಲೆ ಅಲ್ಲೇ ಇತ್ತು. ಒಂದು ಮಳೆಗಾಲ ಲೋಕಲ್ ನಿಂತು ಮನೆ ಮುಟ್ಟಲು ನಡುರಾತ್ರಿಯಾಯಿತು. ನಿದ್ದೆ ಬಾರದೆ ಹಾಕಿ ಕೂತೆ. ಅವತ್ತು ಮಾಡಲು ಬೇರೆ ಕೆಲಸವಿರಲಿಲ್ಲ, ಹಾಗಾಗಿ ಕೇಳಿಸಿತು. ಅಷ್ಟು ವರ್ಷ ನಾನು ಸ್ವರಗಳನ್ನು ಎಣಿಸುತ್ತಿದ್ದೆ, ಕೇಳುತ್ತಿರಲಿಲ್ಲ.

ಹಳೇ ಹಾಡನ್ನು ತನ್ನದಾಗಿಸಿಕೊಳ್ಳುವುದು ಅಂದರೆ ಅದಕ್ಕೆ ಒಡವೆ ಹೇರುವುದಲ್ಲ. ಏನನ್ನು ಬಿಟ್ಟರೂ ಹಾಡು ಉಳಿಯುತ್ತದೆ ಅಂತ ಕಂಡುಕೊಳ್ಳುವುದು. 2023ರ ಏಪ್ರಿಲ್‌ನಲ್ಲಿ, 92ನೇ ವಯಸ್ಸಿನಲ್ಲಿ ಜಮಾಲ್ ತೀರಿಕೊಂಡ. ಇವತ್ತು 'ಪೊಯಿನ್ಸಿಯಾನಾ' ಅಂದರೆ ಜಾಜ್ ಕೇಳುವವರಿಗೆ ನೆನಪಾಗುವುದು ನ್ಯಾಟ್ ಸೈಮನ್ ಅಲ್ಲ, ಅಹ್ಮದ್ ಜಮಾಲ್. ಹಾಡು ಯಾರದ್ದಾಯಿತು, ನೀವೇ ಹೇಳಿ.

ಗೆಳೆಯಾ, ನೀನು ಇದನ್ನು ಓದುತ್ತೀಯ ಅಂತ ಗೊತ್ತು. ಮುಂದಿನ ಭಾನುವಾರ ಊಟ ನಮ್ಮನೆಯಲ್ಲಿ. ಪೂರ್ತಿ ಎಂಟು ನಿಮಿಷ ಮಾತಾಡದೆ ಕೇಳು, ಆಮೇಲೆ ಎಷ್ಟು ಬೇಕಾದರೂ ಬೈ.