ಅಡಿಕೆಯ ಬೆಲೆ ಕೇಳಿದೆವು, ಬಾಯಾರಿಕೆ ಕೇಳಿದೆವಾ?

‘ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು’ ಎಂಬ ಗಾದೆಯಲ್ಲಿ ಅಡಿಕೆ ಎಂದರೆ ಲೆಕ್ಕಕ್ಕೆ ಬಾರದಷ್ಟು ಸಣ್ಣ ವಸ್ತು. ಈಗ ನಮ್ಮ ಶಿರಾ ಸೀಮೆಯಲ್ಲಿ ಅಡಿಕೆಯೇ ಆನೆ. ಕ್ವಿಂಟಲ್‌ಗೆ ಐವತ್ತು ಸಾವಿರ ದಾಟಿತು ಎಂಬ ಸುದ್ದಿ ಬಂದಾಗಿನಿಂದ ಕಡಲೆಕಾಯಿ ಹೊಲಗಳಲ್ಲೆಲ್ಲ ಅಡಿಕೆ ಸಸಿ ಎದ್ದು ನಿಂತಿವೆ. ಅದೇ ಹೊಲದ ಬದುವಿನಲ್ಲಿರುವ ಹುಣಸೆ ಮರವನ್ನು ಮಾತ್ರ ಯಾರೂ ಮಾತನಾಡಿಸುವುದಿಲ್ಲ. ಅದು ಅಜ್ಜನ ಕಾಲದ್ದು, ತಾನಾಗಿ ಬೆಳೆದದ್ದು, ‘ಇದೆ’ ಅಷ್ಟೇ.

ನಮ್ಮೂರು ಮದಲೂರು. ನಾನು ತುಮಕೂರಿನಲ್ಲಿ ಬಿ.ಇ. ಮೆಕ್ಯಾನಿಕಲ್ ಓದುತ್ತಿದ್ದೇನೆ, ಐದನೇ ಸೆಮಿಸ್ಟರ್. ಮನೆಯಲ್ಲಿ ನಾಲ್ಕು ಎಕರೆ ಜಮೀನಿದೆ. ಒಂದು ಎಕರೆಯಲ್ಲಿ ಈಗಾಗಲೇ ಅಡಿಕೆ ಇದೆ. ಇನ್ನೆರಡು ಎಕರೆಗೆ ಹಾಕಬೇಕು, ಅದಕ್ಕೆ ಮತ್ತೊಂದು ಬೋರ್ ಕೊರೆಸಬೇಕು, ಬ್ಯಾಂಕಿನಲ್ಲಿ ಸಾಲ ಎತ್ತಬೇಕು ಎಂಬುದು ಅಣ್ಣನ ಲೆಕ್ಕ. ನನ್ನ ಕಾಲೇಜಿನ ಫೀಸೂ ಅದೇ ಜಮೀನಿನಿಂದ ಬರಬೇಕಾದ್ದರಿಂದ ಈ ವಿಷಯದಲ್ಲಿ ನನಗೂ ಒಂದು ಮಾತಿದೆ. ಆ ಎರಡು ಎಕರೆಗೆ ಬೇಕಾಗಿರುವುದು ಅಡಿಕೆಯಲ್ಲ, ಹುಣಸೆ.

ಮೊದಲು ನೀರಿನ ಲೆಕ್ಕ ನೋಡಿ. ಎಕರೆಗೆ ಸುಮಾರು 550 ಅಡಿಕೆ ಗಿಡ ಹಿಡಿಯುತ್ತವೆ. ಬೇಸಿಗೆಯಲ್ಲಿ ಹನಿ ನೀರಾವರಿಯಲ್ಲೇ ಒಂದು ಗಿಡಕ್ಕೆ ದಿನಕ್ಕೆ 16ರಿಂದ 20 ಲೀಟರ್ ಬೇಕು. ಇಪ್ಪತ್ತು ಎಂದೇ ಇಟ್ಟುಕೊಳ್ಳಿ, ಎಕರೆಗೆ ದಿನಕ್ಕೆ 11 ಸಾವಿರ ಲೀಟರ್ ಆಯಿತು. ನಾಲ್ಕು ತಿಂಗಳಿಗೆ 13 ಲಕ್ಷ ಲೀಟರ್ ದಾಟುತ್ತದೆ. ಇದನ್ನು ಆ ಎಕರೆಯ ಮೇಲೆ ಸಮನಾಗಿ ಹರಡಿದರೆ ಒಂದು ಅಡಿಗಿಂತ ಸ್ವಲ್ಪ ಹೆಚ್ಚು, ಅಂದರೆ ಸುಮಾರು 325 ಮಿಲಿಮೀಟರ್ ಎತ್ತರ ನಿಲ್ಲುತ್ತದೆ. ನಮ್ಮ ಕಡೆ ಇಡೀ ವರ್ಷಕ್ಕೆ ಬೀಳುವ ಮಳೆಯೇ ಆರುನೂರು ಮಿಲಿಮೀಟರ್ ಆಸುಪಾಸು. ಅದರಲ್ಲೂ ಬಹುಪಾಲು ಹರಿದೋ ಆವಿಯಾಗಿಯೋ ಹೋಗುತ್ತದೆ, ಭೂಮಿಗೆ ಇಂಗುವುದು ಕೊಂಚ. ಬಿದ್ದ ಮಳೆಯ ಅರ್ಧಕ್ಕಿಂತ ಹೆಚ್ಚನ್ನು ಬೇಸಿಗೆಯೊಂದರಲ್ಲೇ ಮೇಲೆತ್ತುವ ಬೆಳೆ ಎಷ್ಟು ವರ್ಷ ನಡೆದೀತು? ಈ ಲೆಕ್ಕಕ್ಕೆ ಎಂಜಿನಿಯರಿಂಗ್ ಬೇಕಿಲ್ಲ, ಏಳನೇ ಕ್ಲಾಸಿನ ಗಣಿತ ಸಾಕು.

ಕೆರೆಗೆ ಹೇಮಾವತಿ ಬರುತ್ತಲ್ಲ ಎನ್ನುತ್ತಾರೆ. ಬರುತ್ತದೆ, ನಿಜ. 2020ರ ಶಿರಾ ಉಪಚುನಾವಣೆಯಲ್ಲಿ ಮದಲೂರು ಕೆರೆಗೆ ನೀರು ಹರಿಸುವುದೇ ದೊಡ್ಡ ಭರವಸೆಯಾಗಿತ್ತು. ಇಡೀ ರಾಜ್ಯಕ್ಕೆ ನಮ್ಮೂರಿನ ಹೆಸರು ಗೊತ್ತಾದದ್ದೇ ಆಗ. ಆದರೆ ನಾವಿರುವುದು ಸಾಲಿನ ಕೊನೆಯಲ್ಲಿ. ಕಳ್ಳಂಬೆಳ್ಳ ತುಂಬಬೇಕು, ಶಿರಾ ಕೆರೆ ತುಂಬಬೇಕು, ಆಮೇಲೆ ಮದಲೂರು. ಕೆರೆ ತುಂಬಿದ ವರ್ಷ ಬೋರ್‌ಗಳು ಉಸಿರಾಡುತ್ತವೆ. ಆದರೆ ಒಮ್ಮೆ ನೆಟ್ಟ ಅಡಿಕೆ ಮೂವತ್ತು ನಲವತ್ತು ವರ್ಷ ನೀರು ಕೇಳುತ್ತದೆ, ಅಷ್ಟು ವರ್ಷವೂ ಸಾಲಿನ ಕೊನೆಯವರಿಗೆ ಪಾಳಿ ಬರುತ್ತದೆ ಎಂದು ಬರೆದುಕೊಡುವವರು ಯಾರು? 2023-24ರ ಬರದಲ್ಲಿ ಅಡಿಕೆ ತೋಟ ಉಳಿಸಿಕೊಳ್ಳಲು ಜನ ಟ್ಯಾಂಕರ್ ಹಿಂದೆ ಓಡಿದ್ದನ್ನು ನಾವೇ ಕಂಡಿದ್ದೇವೆ. ಮೇಲಿನ ಲೆಕ್ಕದಲ್ಲಿ ಎಕರೆಗೆ ದಿನಕ್ಕೆ ಎರಡು ಟ್ಯಾಂಕರ್.

ನೀರೊಂದೇ ಅಲ್ಲ. ಅಡಿಕೆ ಎಂದರೆ ಮನೆಯಲ್ಲಿ ಕೈಗೂಸು ಇದ್ದ ಹಾಗೆ. ಸಸಿಗೆ ನೆರಳು ಬೇಕು, ಅದಕ್ಕೆ ಸಾಲಿನ ನಡುವೆ ಬಾಳೆ ಇಡಬೇಕು. ನೈಋತ್ಯ ದಿಕ್ಕಿನ ಮಧ್ಯಾಹ್ನದ ಬಿಸಿಲು ಬಿದ್ದರೆ ಕಾಂಡ ಸುಟ್ಟು ಬಿರಿಯುತ್ತದೆ, ಅದಕ್ಕೆ ಗರಿ ಕಟ್ಟಬೇಕು. ಬೇರು ಮೇಲೇ ಇರುವುದರಿಂದ ಎರಡು ವಾರ ನೀರು ತಪ್ಪಿದರೂ ಹೆಡೆ ಬಾಗುತ್ತದೆ. ರಾತ್ರಿ ಎರಡಕ್ಕೆ ಕರೆಂಟ್ ಬಂದರೆ ಎರಡಕ್ಕೇ ಎದ್ದು ಮೋಟಾರ್ ಹಾಕಬೇಕು. ಫಸಲು ಕಾಣಲು ಐದರಿಂದ ಏಳು ವರ್ಷ. ಅಷ್ಟೂ ದಿನ ಮನೆಯ ಒಬ್ಬ ಗಂಡುಮಗ ಊರು ಬಿಟ್ಟು ಕದಲುವಂತಿಲ್ಲ. ನಮ್ಮ ಮನೆಯಲ್ಲಿ ಆ ಒಬ್ಬ ನನ್ನ ಅಣ್ಣ. ಅವನಿಗೆ ಬಂದ ಎರಡು ಕೆಲಸದ ಕರೆಗಳಿಗೆ ಅವನು ಹೋಗಲೇ ಇಲ್ಲ. ಕಾರಣ ಕೇಳಿದರೆ ತೋಟ ತೋರಿಸುತ್ತಾನೆ.

ಹುಣಸೆಗೆ ಈ ನಖರಾ ಇಲ್ಲ. ಮುಂಗಾರಿನ ಮೊದಲು ಮೂರಡಿ ಗುಂಡಿ, ಒಂದಿಷ್ಟು ಕೊಟ್ಟಿಗೆ ಗೊಬ್ಬರ, ಗಿಡದಿಂದ ಗಿಡಕ್ಕೆ ಹತ್ತು ಮೀಟರ್ ಅಂತರ, ಅಂದರೆ ಎಕರೆಗೆ ನಲವತ್ತೇ ಗಿಡ. ಮೊದಲ ಎರಡು ಮೂರು ಬೇಸಿಗೆ ಬಿಂದಿಗೆಯಲ್ಲಿ ನೀರು ಹಾಕಿದರೂ ಬದುಕುತ್ತದೆ. ಅದಕ್ಕಿರುವ ದೊಡ್ಡ ಶತ್ರು ಪಕ್ಕದ ಮನೆಯ ಮೇಕೆ! ಮುಳ್ಳು ಕಟ್ಟಿ ಅದರಿಂದ ಕಾಪಾಡಿದರೆ ಆಮೇಲೆ ಬೇರು ತನ್ನ ದಾರಿ ತಾನು ನೋಡಿಕೊಳ್ಳುತ್ತದೆ. ದೇವನಹಳ್ಳಿ ಬಳಿಯ ನಲ್ಲೂರಿನಲ್ಲಿ ಹುಣಸೆ ತೋಪೊಂದಿದೆ. ಶತಮಾನಗಳಷ್ಟು ಹಳೆಯ ಮರಗಳಿರುವ ಆ ತೋಪು 2007ರಲ್ಲಿ ದೇಶದ ಮೊದಲ ಜೀವವೈವಿಧ್ಯ ಪಾರಂಪರಿಕ ತಾಣವಾಯಿತು. ಅಲ್ಲಿನ ಮರಗಳಿಗೆ ಯಾರೂ ಡ್ರಿಪ್ ಎಳೆದಿರಲಿಲ್ಲ.

ಉಪಯೋಗಕ್ಕೆ ಬಂದರೆ, ಅಡಿಕೆಯಿಲ್ಲದೆ ನಮ್ಮಲ್ಲಿ ತಾಂಬೂಲವಿಲ್ಲ, ಮದುವೆಯಿಲ್ಲ. ಹಾಳೆಯಿಂದ ಒಳ್ಳೆಯ ತಟ್ಟೆಗಳಾಗುತ್ತವೆ. ಆದರೆ ಆ ಐವತ್ತು ಸಾವಿರದ ಬೆಲೆ ಬರುವುದು ತಾಂಬೂಲದಿಂದಲ್ಲ, ಪಾನ್ ಮಸಾಲದಿಂದ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗಸಂಸ್ಥೆ 2004ರಲ್ಲೇ ಅಡಿಕೆಯನ್ನು ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿದೆ. ಬೆಳೆಗಾರರು ಇದನ್ನು ಒಪ್ಪುವುದಿಲ್ಲ, ಆ ವಾದ ಇಲ್ಲಿ ಬೇಡ. ಆದರೆ ನಿಷೇಧದ ಒಂದು ಸುದ್ದಿಗೇ ಬೆಲೆ ಬೀಳುವ ಬೆಳೆಯನ್ನು ನಂಬಿ ಸಾಲ ಮಾಡುವವನು ಇದನ್ನು ತಿಳಿದಿರಬೇಕು. ಹುಣಸೆಯದು ಹಾಗಲ್ಲ. ಚಿಗುರು ಸಾರಿಗೆ, ಹಣ್ಣು ಗೊಜ್ಜಿಗೆ, ಸಿಪ್ಪೆ ಒಲೆಗೆ, ಕಟ್ಟಿಗೆ ಗಾಣಕ್ಕೂ ಒನಕೆಗೂ. ನಾವು ಚೌಕಾಬಾರ ಆಡಿ ಎಸೆಯುವ ಬೀಜವನ್ನು ಪುಡಿ ಮಾಡಿ ಬಟ್ಟೆ ಗಿರಣಿಗಳಲ್ಲಿ ನೂಲಿಗೆ ಗಂಜಿ ಹಾಕಲು ಬಳಸುತ್ತಾರೆ. ಕೊಳ್ಳುವವರನ್ನು ಹುಡುಕಿ ದೂರ ಹೋಗಬೇಕಿಲ್ಲ, ಹುಣಸೆಗೆ ಹೆಸರಾದ ಮಾರುಕಟ್ಟೆ ತುಮಕೂರಿನಲ್ಲೇ ಇದೆ.

ಹಾಗೆಂದು ಹುಣಸೆ ಸುಖದ ಬೆಳೆ ಎಂದು ನಾನು ಹೇಳುತ್ತಿಲ್ಲ. ಎಕರೆಯ ಆದಾಯ ಅಡಿಕೆಯ ಹತ್ತಿರಕ್ಕೂ ಬರುವುದಿಲ್ಲ. ಒಂದು ವರ್ಷ ಮೈತುಂಬ ಬಿಟ್ಟರೆ ಮುಂದಿನ ವರ್ಷ ಮುನಿಸಿಕೊಳ್ಳುತ್ತದೆ. ಬೀಜದ ಗಿಡವಾದರೆ ಎಂಟು ಹತ್ತು ವರ್ಷ ಕಾಯಬೇಕು. ಕಸಿ ಗಿಡವಾದರೆ ನಾಲ್ಕೈದು ವರ್ಷಕ್ಕೆ ಕಾಯಿ ಕಾಣಬಹುದು. ಎತ್ತರದ ಮರ ಹತ್ತಿ ಬಡಿಯುವವರು ಕಡಿಮೆಯಾಗಿದ್ದಾರೆ, ಬಿದ್ದು ಸೊಂಟ ಮುರಿದುಕೊಂಡವರು ಪ್ರತಿ ಊರಲ್ಲೂ ಇದ್ದಾರೆ. ಎಲ್ಲಕ್ಕಿಂತ ಕಷ್ಟದ್ದು ಆಮೇಲಿನ ಕೆಲಸ. ಫೆಬ್ರುವರಿ ಮಾರ್ಚ್‌ನಲ್ಲಿ ನಮ್ಮೂರ ಜಗುಲಿಗಳಲ್ಲಿ ಹೆಂಗಸರು ಕಾಲು ಚಾಚಿ ಕೂತು, ಕಲ್ಲಿನ ಮೇಲೆ ಹಣ್ಣಿಟ್ಟು, ಸುತ್ತಿಗೆಯಲ್ಲಿ ಕುಟ್ಟಿ ಬೀಜ ತೆಗೆಯುತ್ತಾರೆ. ಅಮ್ಮನ ಎಡಗೈ ಹೆಬ್ಬೆರಳಿನ ಉಗುರು ಆ ಎರಡು ತಿಂಗಳು ಕಪ್ಪಾಗಿಯೇ ಇರುತ್ತದೆ. ಬೀಜ ಬಿಡಿಸುವ ಯಂತ್ರಗಳು ಬಂದಿವೆ. ಆದರೆ ಹಣ್ಣು ಅಂಟು, ಒಳಗೆ ನಾರು, ಒಂದೊಂದು ಮರದ ಕಾಯಿ ಒಂದೊಂದು ಗಾತ್ರ. ಐದಾರು ಹೆಂಗಸರ ಗುಂಪು ಕೊಳ್ಳಬಹುದಾದ ಬೆಲೆಯ, ಮೂರು ತಿಂಗಳು ಕೆಡದೆ ಓಡುವ ಯಂತ್ರವನ್ನು ನಾನಂತೂ ನಮ್ಮ ಹೋಬಳಿಯಲ್ಲಿ ನೋಡಿಲ್ಲ. ತುಮಕೂರು ಸುತ್ತಲಿನ ಕಾಲೇಜುಗಳಲ್ಲಿ ಪ್ರತಿ ವರ್ಷ ಕೊನೆಯ ಸೆಮಿಸ್ಟರ್ ಪ್ರಾಜೆಕ್ಟ್ ಎಂದು ರೋಬೋ ಕಾರುಗಳನ್ನು ಮಾಡಿ ಪ್ರದರ್ಶನದ ಮಾರನೇ ದಿನ ಮೂಲೆಗೆ ಹಾಕುತ್ತೇವೆ. ಹುಣಸೆ ಬೀಜ ನಮ್ಮಲ್ಲಿ ಯಾರಿಗೂ ಪ್ರಾಜೆಕ್ಟ್ ಎನಿಸಿಲ್ಲ. ಮುಂದಿನ ವರ್ಷಕ್ಕೆ ನಮ್ಮ ನಾಲ್ವರ ತಂಡ ಇದನ್ನೇ ಎತ್ತಿಕೊಳ್ಳಬೇಕು ಎಂದುಕೊಂಡಿದೆ.

ಮಧುಗಿರಿ, ಕೊರಟಗೆರೆ, ಪಾವಗಡದ ಗೆಳೆಯರನ್ನು ಕೇಳಿದರೆ ಅಲ್ಲಿಯೂ ಇದೇ ಕಥೆ. ಇರುವ ಅಡಿಕೆಯನ್ನು ಕಡಿಯಿರಿ ಎಂದು ಯಾರಿಗೂ ನಾನು ಹೇಳುವುದಿಲ್ಲ. ಇರುವ ಬೋರ್ ಸಾಕುವಷ್ಟನ್ನು ಸಾಕಲಿ. ಹೊಸದಾಗಿ ಸಾವಿರ ಅಡಿ ಕೊರೆಸುವ ಸಾಲವನ್ನು ನಿಲ್ಲಿಸಿ, ಬೋರ್ ಬತ್ತಿದ ಎಕರೆಗೆ, ಬದುವಿಗೆ ಕಸಿ ಹುಣಸೆ ಇಡಿ, ಗಿಡ ದೊಡ್ಡದಾಗುವವರೆಗೆ ನಡುವೆ ಕಡಲೆಕಾಯಿಯೋ ತೊಗರಿಯೋ ಬಿತ್ತಿ. ನಮ್ಮ ಮನೆಯಲ್ಲಿ ಈ ಮಾತು ಇನ್ನೂ ತೀರ್ಮಾನಕ್ಕೆ ಬಂದಿಲ್ಲ. ನಲವತ್ತು ಗುಂಡಿ ಎಂದು ನಾನು ಕೇಳಿದ್ದೆ. ಬದುವಿನ ಮೇಲೆ ಹತ್ತು ತೋಡಿಸಲು ಅಣ್ಣ ಒಪ್ಪಿದ್ದಾನೆ, ಬೋರ್ ಪಾಯಿಂಟ್ ನೋಡುವವರಿಗೆ ಮಾತ್ರ ಇನ್ನೂ ಬೇಡ ಎಂದು ಹೇಳಿಲ್ಲ.